ಬಸವನಗುಡಿಯಲ್ಲಿ ಒಳ್ಳೆಯ ಹೋಟೆಲು ಹುಡುಕುವವರಿಗೆ

ಡಿಸೆಂಬರ್ ಹತ್ತಿರ ಬಂತೆಂದರೆ ಈಸ್ಟ್ ತಮಾಕಿಯ ನಮ್ಮ ಬಳಗದಲ್ಲಿ ಅರ್ಧ ಜನ ಊರಿಗೆ ಹೊರಡುವ ತಯಾರಿಯಲ್ಲಿರುತ್ತಾರೆ. ಕಳೆದ ಕೂಟದಲ್ಲಿ ಕಾದಂಬರಿಯೊಂದರ ಚರ್ಚೆ ಅರ್ಧಕ್ಕೆ ನಿಂತು, ಮಾತು ಮಸಾಲೆದೋಸೆಯ ಕಡೆ ತಿರುಗಿತು. ತಿರುಗಿದ್ದು ಹಿಂದಿರುಗಲೇ ಇಲ್ಲ! ಮೊದಲ ಬಾರಿಗೆ ಬೆಂಗಳೂರಿಗೆ ಹೋಗುತ್ತಿರುವ ಸೊಸೆಯೊಬ್ಬಳು ಕೇಳಿದ್ದು ಇಷ್ಟೇ: "ಬಸವನಗುಡಿಯಲ್ಲಿ ಒಳ್ಳೆಯ ಹೋಟೆಲು ಯಾವುದು ಅಂತ ಗೊತ್ತಾಗೋದು ಹೇಗೆ?" ಒಬ್ಬೊಬ್ಬರದು ಒಂದೊಂದು ಹೆಸರು. ಆ ಗದ್ದಲದಲ್ಲಿ ಹೇಳಲಾಗದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಶಬ್ದದ ವಿಚಾರ. ನ್ಯೂಜಿಲೆಂಡಿನಲ್ಲಿ ಹಳಬರು ಹೋಟೆಲ್ ಎಂದರೆ ಅದು ಹೆಂಡದ ಪಬ್ಬು. 1917ರಿಂದ 1967ರವರೆಗೆ ಐವತ್ತು ವರ್ಷ ಅವು ಸಂಜೆ ಆರಕ್ಕೆ ಬಾಗಿಲು ಹಾಕಬೇಕಿತ್ತು. ನಮಗೆ ಹೋಟೆಲೆಂದರೆ ಕಾಫಿ, ತಿಂಡಿ, ಮತ್ತು "ಬಿಸಿ ಏನಿದೆ?" ಎಂಬ ಪ್ರಶ್ನೆ. ಎರಡಕ್ಕೂ ಒಂದೇ ಹೆಸರು ಬಂದದ್ದು ಇಂಗ್ಲಿಷಿನ ಲೀಲೆ.

ಬಸವನಗುಡಿ ನಾವು ಅಂದುಕೊಂಡಷ್ಟು ಹಳೆಯ ಬಡಾವಣೆಯಲ್ಲ. ದೊಡ್ಡ ಬಸವಣ್ಣನ ಗುಡಿ ಕೆಂಪೇಗೌಡರ ಕಾಲದ್ದು, ಅಂದರೆ ಹದಿನಾರನೆಯ ಶತಮಾನದ್ದು ಎಂಬುದು ವಾಡಿಕೆ. ಆದರೆ ಸುತ್ತಲಿನ ರಸ್ತೆಗಳು, ಮನೆಗಳು ಬಂದದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಿತ್ತು. ಕಿಕ್ಕಿರಿದ ಪೇಟೆಯಿಂದ ಜನ ಗಾಳಿ ಬೆಳಕಿದ್ದ ಕಡೆ ಓಡಿದರು. ಮಲ್ಲೇಶ್ವರ, ಬಸವನಗುಡಿ ತುಂಬಿದ್ದು ಹಾಗೆ. ಅದಕ್ಕೂ ಮುಂಚೆ ಇಲ್ಲಿದ್ದದ್ದು ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿ, ದಾಸರಹಳ್ಳಿಯಂಥ ಹಳ್ಳಿಗಳು, ಅವುಗಳ ಕಡಲೆಕಾಯಿ ಹೊಲಗಳು. ಹೊಲಕ್ಕೆ ನುಗ್ಗಿ ಕಡಲೆಕಾಯಿ ತಿಂದ ಬಸವನ ಕಥೆ ಎಲ್ಲರಿಗೂ ಗೊತ್ತು. ಕಾರ್ತಿಕ ಮಾಸದ ಕೊನೆಯ ಸೋಮವಾರದ ಪರಿಷೆ ಇಂದಿಗೂ ನಡೆಯುತ್ತದೆ. ನಮಗೊಂದು ತುಂಟ ಅನುಮಾನ: ಕಡಲೆಕಾಯಿ ದಕ್ಷಿಣ ಅಮೆರಿಕದ ಬೆಳೆ, ಪೋರ್ಚುಗೀಸರು ಬಂದ ಮೇಲೆ ನಮ್ಮ ನೆಲಕ್ಕೆ ಇಳಿದದ್ದು. ಹಾಗಾದರೆ ಬಸವ ತಿಂದ ಕಡಲೆಕಾಯಿ ಬಸವನಿಗಿಂತ ಚಿಕ್ಕ ವಯಸ್ಸಿನದಿರಬೇಕು. ಇರಲಿ, ಪರಿಷೆಯಲ್ಲಿ ಹುರಿದ ಕಾಯಿ ಕೊಳ್ಳುವಾಗ ಇದನ್ನೆಲ್ಲ ಯಾರು ನೆನೆಯುತ್ತಾರೆ!

ಮಾವಳ್ಳಿ ಎಂಬ ಹೆಸರನ್ನು ಮಾತ್ರ ನೆನಪಿಡಿ. ಎಂ.ಟಿ.ಆರ್.ನ ಮೊದಲ ಅಕ್ಷರ ಅದೇ.

ಹೊಸ ಬಡಾವಣೆಗೆ ಬಂದವರು ಹೆಚ್ಚಾಗಿ ಸರ್ಕಾರಿ ನೌಕರರು, ಮೇಷ್ಟರು, ವಕೀಲರು. ಮನೆಯ ಹೊರಗೆ ತಿನ್ನುವುದು ಅವರಿಗೆ ಮರ್ಯಾದೆಯ ವಿಷಯವಾಗಿರಲಿಲ್ಲ. ಆ ಸಂಕೋಚ ಬಿಡಿಸಿದವರು ಕರಾವಳಿಯಿಂದ ಬಂದ ಹುಡುಗರು. ಸಾಲಿಗ್ರಾಮ, ಕೋಟ, ಪಾರಂಪಳ್ಳಿ ಕಡೆಯ ತುಂಡು ಗದ್ದೆಗಳಲ್ಲಿ ದೊಡ್ಡ ಸಂಸಾರಕ್ಕೆ ವರ್ಷವಿಡೀ ಊಟವಿರಲಿಲ್ಲ. ಅಡುಗೆ ಬರುತ್ತಿತ್ತು. ದೇವಸ್ಥಾನ, ಮಠ, ಮದುವೆ ಮನೆಗಳಲ್ಲಿ ನೂರಾರು ಜನಕ್ಕೆ ಬೇಯಿಸಿ ಬಡಿಸುವ ಅಭ್ಯಾಸವೂ ಇತ್ತು. ಘಟ್ಟ ಹತ್ತಿದರು. ಶಿವರಾಮ ಕಾರಂತರ 'ಮರಳಿ ಮಣ್ಣಿಗೆ' ಓದಿದವರಿಗೆ ಈ ಲೋಕ ಹೊಸದಲ್ಲ. ಹೋಟೆಲಿನ ದುಡ್ಡು ಊರಿಗೆ ಬಂದಾಗ ಅಕ್ಕಪಕ್ಕದ ಮನೆಗಳಲ್ಲಿ ಏನೇನು ನಡೆಯುತ್ತದೆಂದು ಕಾರಂತರಿಗೆ ಗೊತ್ತಿತ್ತು, ಅವರೂ ಕೋಟದವರೇ ತಾನೆ. ಅತ್ತ ಮದರಾಸಿನಲ್ಲಿ ಕೃಷ್ಣರಾಯರ ವುಡ್‌ಲ್ಯಾಂಡ್ಸ್, ಮುಂಬಯಿಯ ಮಾಟುಂಗದಲ್ಲಿ ರಾಮ ನಾಯಕರ ಊಟದ ಮನೆ ಎದ್ದದ್ದೂ ಇದೇ ವಲಸೆಯ ಅಲೆಯಲ್ಲಿ.

ಪಾರಂಪಳ್ಳಿಯ ಯಜ್ಞನಾರಾಯಣ ಮಯ್ಯರು ಸೋದರರೊಂದಿಗೆ 1924ರಲ್ಲಿ ಲಾಲ್‌ಬಾಗಿನ ಹತ್ತಿರ ಒಂದು ಪುಟ್ಟ ಅಂಗಡಿ ತೆರೆದರು. ಹೆಸರು ಬ್ರಾಹ್ಮಣರ ಕಾಫಿ ಕ್ಲಬ್. 1951ರಲ್ಲಿ ಮಯ್ಯರು ಯೂರೋಪು ನೋಡಿಬಂದರು. ಅವರ ಕಣ್ಣಿಗೆ ಬಿದ್ದದ್ದು ಅಲ್ಲಿನ ಅಡುಗೆಮನೆಗಳ ಶುಚಿ. ಮರಳಿ ಬಂದು ಪಾತ್ರೆ ತೊಳೆಯುವ ಕ್ರಮದಿಂದ ಹಿಡಿದು ಎಲ್ಲ ಬದಲಿಸಿದರು, ಗಿರಾಕಿಗಳು ಅಡುಗೆಮನೆ ನೋಡಬಹುದೆಂದರು. 1960ರಲ್ಲಿ ಲಾಲ್‌ಬಾಗ್ ರಸ್ತೆಯ ಈಗಿನ ಕಟ್ಟಡಕ್ಕೆ ಬಂದಾಗ ಹಳೆಯ ಹೆಸರು ಹೋಗಿ ಮಾವಳ್ಳಿ ಟಿಫಿನ್ ರೂಮ್ಸ್ ಆಯಿತು. ಎರಡನೆಯ ಮಹಾಯುದ್ಧದಲ್ಲಿ ಅಕ್ಕಿ ಸಿಗದಾಗ ರವೆ ಇಡ್ಲಿ ಹುಟ್ಟಿದ್ದು ತಮ್ಮಲ್ಲೇ ಎಂಬುದು ಅವರ ಹೇಳಿಕೆ. ತುರ್ತು ಪರಿಸ್ಥಿತಿಯ ಕಾಲದಲ್ಲಿ ಸರ್ಕಾರ ತಿಂಡಿಯ ಬೆಲೆ ಇಳಿಸಿದಾಗ ಮಯ್ಯರ ಮನೆಯವರು ಗುಣ ಇಳಿಸಲಿಲ್ಲವಂತೆ. ದಿನದ ನಷ್ಟವನ್ನು ಹೊರಗೆ ಬೋರ್ಡಿನಲ್ಲಿ ಬರೆದು, ಕೊನೆಗೆ ಬಾಗಿಲನ್ನೇ ಹಾಕಿದರಂತೆ. ಕೆಲಸಗಾರರನ್ನು ಬಿಡಲಾಗದೆ ಶುರುಮಾಡಿದ ಪುಡಿ, ಮಿಕ್ಸುಗಳ ವ್ಯಾಪಾರವೇ ಮುಂದೆ ಬೇರೆ ಕಂಪನಿಯಾಗಿ, 2007ರಲ್ಲಿ ನಾರ್ವೆಯ ಓರ್ಕ್ಲಾ ಪಾಲಾಯಿತು. ಇಲ್ಲಿನ ಇಂಡಿಯನ್ ಅಂಗಡಿಗಳಲ್ಲಿ ನಾವು ಕೊಳ್ಳುವ ಪೊಟ್ಟಣ ಆ ಕಂಪನಿಯದು, ಹೋಟೆಲು ಇಂದಿಗೂ ಮಯ್ಯರ ಮನೆಯದು. ಎರಡನ್ನೂ ಒಂದೇ ಎಂದುಕೊಂಡು ಜಗಳವಾಡಿದವರು ನಮ್ಮ ಬಳಗದಲ್ಲೇ ಇದ್ದಾರೆ.

ಗಾಂಧಿಬಜಾರಿನ ವಿದ್ಯಾರ್ಥಿ ಭವನ ಸ್ವಾತಂತ್ರ್ಯಕ್ಕೆ ಕೆಲವೇ ವರ್ಷ ಮುಂಚಿನದು, 1943-44ರದು. ತೆರೆದವರು ವೆಂಕಟರಮಣ ಉರಾಳರು, ಅವರೂ ಅದೇ ಸಾಲಿಗ್ರಾಮದ ಕಡೆಯವರು. ಸುತ್ತಲಿನ ಶಾಲೆ ಕಾಲೇಜಿನ ಹುಡುಗರಿಗೆಂದು ಶುರುವಾದದ್ದರಿಂದ ಆ ಹೆಸರು. 1970ರಲ್ಲಿ ರಾಮಕೃಷ್ಣ ಅಡಿಗರು ಕೊಂಡರು. ಮಯ್ಯ, ಉರಾಳ, ಅಡಿಗ: ಈ ಮೂರು ಹೆಸರಲ್ಲೇ ಕೋಟದ ವಲಸೆಯ ಚರಿತ್ರೆಯ ಒಂದು ಅಧ್ಯಾಯವಿದೆ. ಪಂಚೆ ಉಟ್ಟ ಮಾಣಿ ತೋಳಿನ ಮೇಲೆ ಹತ್ತಕ್ಕೂ ಹೆಚ್ಚು ದೋಸೆ ತಟ್ಟೆ ಪೇರಿಸಿಕೊಂಡು ಬರುವುದನ್ನು ನೋಡಲೆಂದೇ ಹೋಗುವವರಿದ್ದಾರೆ. ಗೋಡೆಯ ಮೇಲೆ ಸಾಹಿತಿಗಳ ರೇಖಾಚಿತ್ರಗಳು. ಅದು ಬರೀ ಅಲಂಕಾರವಲ್ಲ. ಗವಿಪುರದ ಮಾಸ್ತಿ, ಬಸವನಗುಡಿಯಲ್ಲೇ ನೆಲೆಸಿದ್ದ ಡಿವಿಜಿ ಈ ಬೀದಿಯ ಜನ. ನಿಸಾರ್ ಅಹಮದರ ಮೊದಲ ಕವನ ಸಂಕಲನದ ಹೆಸರೇ 'ಮನಸು ಗಾಂಧಿಬಜಾರು', 1960ರದು. ಒಂದು ತರಕಾರಿ ಹೂವಿನ ಬೀದಿ ಕವಿಯ ಮನಸ್ಸಿಗೆ ಹೋಲಿಕೆಯಾಗಬೇಕಾದರೆ ಆ ಬೀದಿಯಲ್ಲಿ ನಿಂತು ಮಾತಾಡಲು ಜಾಗವಿರಬೇಕು, ಮಾತು ಒಣಗದಂತೆ ಕಾಫಿಯೂ ಇರಬೇಕು.

ನಮ್ಮ ಕೂಟದಲ್ಲಿ ಮಾತು ಇಲ್ಲಿಗೆ ಬಂದಾಗ ಬಳಗದ ಹಿರಿಯರೊಬ್ಬರು ಮೆಲ್ಲಗೆ ಹೇಳಿದರು: "ನಮ್ಮಜ್ಜ ಗಾರೆ ಕೆಲಸಕ್ಕೆ ಆ ಕಡೆ ಹೋಗ್ತಿದ್ದರು. ಕಾಫಿ ಹೋಟೆಲಿನ ಒಳಗೆ ಕೂತು ಕುಡೀಲಿಲ್ಲ. ಹೊರಗೆ ನಿಂತು, ತಾವೇ ತಂದ ಲೋಟಕ್ಕೆ ಹುಯ್ಯಿಸಿಕೊಂಡು ಕುಡಿದರು." ಯಾವ ಹೋಟೆಲು ಎಂದು ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ. ಒಂದೇ ಹೋಟೆಲಿನ ಮಾತಲ್ಲ ಅದು. ಬ್ರಾಹ್ಮಣರ ಕಾಫಿ ಕ್ಲಬ್ ಎಂಬಂಥ ಬೋರ್ಡು ಅಡುಗೆ ಮಾಡುವವರು ಯಾರೆಂದು ಹೇಳುತ್ತಿತ್ತು. ಎಷ್ಟೋ ಕಡೆ ಕೂರುವವರು ಯಾರೆಂದೂ ಹೇಳುತ್ತಿತ್ತು. ಬ್ರಾಹ್ಮಣರಿಗೆ ಒಳಕೋಣೆ, ಉಳಿದವರಿಗೆ ಹೊರಗಿನ ಬೆಂಚು, ಕೆಲವರಿಗೆ ಬೀದಿ. 1950ರ ಸಂವಿಧಾನದ 15ನೆಯ ವಿಧಿ ಅಂಗಡಿಗಳ ಜೊತೆಗೆ ಹೋಟೆಲುಗಳನ್ನೂ ಹೆಸರಿಸಿ, ಜಾತಿಯ ಕಾರಣಕ್ಕೆ ಯಾರನ್ನೂ ತಡೆಯುವಂತಿಲ್ಲ ಎಂದಿತು. ಆ ವಿಧಿಯಲ್ಲಿ ಹೋಟೆಲಿನ ಹೆಸರು ಬರೆಯಬೇಕಾಗಿ ಬಂದದ್ದೇಕೆ ಎಂಬುದಕ್ಕೆ ಆ ಅಜ್ಜನ ಲೋಟವೇ ಉತ್ತರ. ಮದರಾಸಿನಲ್ಲಿ 1957ರಲ್ಲಿ ಪೆರಿಯಾರರ ಕಡೆಯವರು ಹೋಟೆಲೊಂದರ ಬೋರ್ಡಿನಿಂದ ಬ್ರಾಹ್ಮಣ ಎಂಬ ಶಬ್ದ ಅಳಿಸಲೆಂದೇ ಚಳವಳಿ ಮಾಡಿದರು.

ಆ ಅಜ್ಜ ಎಲ್ಲಿ ಉಂಡರು? ಮಿಲಿಟರಿ ಹೋಟೆಲಿನಲ್ಲಿ, ಮುದ್ದೆ ಸಾರು. ಮಾಂಸದಡುಗೆಯ ಈ ಹೋಟೆಲುಗಳಿಗೂ ಬೆಂಗಳೂರಿನಲ್ಲಿ ನೂರು ವರ್ಷದ ಚರಿತ್ರೆಯಿದೆ, ಅವುಗಳಲ್ಲಿ ಹಲವನ್ನು ಕಟ್ಟಿದವರು ಮರಾಠಿ ಮನೆಮಾತಿನವರು. ಹಳೆಯ ಹೋಟೆಲುಗಳ ಬಗ್ಗೆ ಬರೆಯುವ ನಮ್ಮಂಥವರು ಅವನ್ನು ಒಂದು ಸಾಲಿನಲ್ಲಿ ಮುಗಿಸುತ್ತೇವೆ. ಈ ಲೇಖನವೂ ಅದೇ ತಪ್ಪು ಮಾಡುತ್ತಿದೆ ಎಂದು ಒಪ್ಪಿಕೊಳ್ಳುತ್ತೇವೆ. ಆ ಹಿರಿಯರೇ ಮುಂದಿನ ಸಂಚಿಕೆಗೆ ಬರೆದುಕೊಡುತ್ತೇನೆಂದಿದ್ದಾರೆ.

ಇನ್ನು ಸೊಸೆಯ ಪ್ರಶ್ನೆ. ಉಡುಪಿ ಎಂಬ ಬೋರ್ಡನ್ನು ನಂಬಬೇಡ. ನಾವು ಒಮ್ಮೆ ನಂಬಿ, ತಣ್ಣಗಿನ ವಡೆ ತಿಂದು ಬಂದಿದ್ದೇವೆ. ತಿಂಡಿಪಟ್ಟಿ ಎಷ್ಟು ಚಿಕ್ಕದೋ ಅಷ್ಟು ಒಳ್ಳೆಯದು. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ 1965ರಿಂದ ಇಡ್ಲಿ, ವಡೆ, ಖಾರಾಬಾತು, ಕೇಸರಿಬಾತು ಇಷ್ಟರಲ್ಲೇ ನಡೆದಿದೆ. ಸಾಂಬಾರು ಕೇಳಿದರೆ ಇಲ್ಲ, ಚಟ್ನಿ ಮಾತ್ರ, ಅದು ಕೇಳಿದಷ್ಟು. ಹೆಸರು ಹಳೆಯ ಕಾಲದ್ದೇ ಉಳಿದಿದೆ, ಆದರೆ ಹೊರಗೆ ಫುಟ್‌ಪಾತಿನ ಮೇಲೆ ಎಲ್ಲರೂ ಒಟ್ಟಿಗೆ ನಿಂತೇ ತಿನ್ನುತ್ತಾರೆ. ನಿಂತು ತಿನ್ನುವ ಪದ್ಧತಿಯನ್ನು ಊರಿಡೀ ಹಬ್ಬಿಸಿದ್ದು 1980ರ ದಶಕದಿಂದ ಬಂದ ದರ್ಶಿನಿಗಳು. ಹಿರಿಯರು ಅವನ್ನು ಬೈಯುವುದುಂಟು. ನಮಗೆ ಮಾತ್ರ ಅವು ಇಷ್ಟ. ಒಳಕೋಣೆಯೇ ಇಲ್ಲದ ಕಡೆ ಒಳಗೆ ಯಾರು, ಹೊರಗೆ ಯಾರು?

ಸಂಜೆಯಾದರೆ ಸಜ್ಜನರಾವ್ ವೃತ್ತದ ಪಕ್ಕದ ತಿಂಡಿಬೀದಿಗೆ ಹೋಗು. ಚಳಿಗಾಲವಾದ್ದರಿಂದ ಅವರೆಕಾಳು ಸಿಕ್ಕೀತು, ಇಲ್ಲಿ ಹೆಪ್ಪುಗಟ್ಟಿದ ಪೊಟ್ಟಣದಲ್ಲಿ ಸಿಗುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ಎಂ.ಟಿ.ಆರ್.ಗೆ 2017ರಲ್ಲಿ ಶುರುವಾದ ಲಾಲ್‌ಬಾಗ್ ಮೆಟ್ರೋ ನಿಲ್ದಾಣ ಹತ್ತಿರ. ಸೋಮವಾರ ಅಲ್ಲಿ ರಜ. ವಿದ್ಯಾರ್ಥಿ ಭವನಕ್ಕೆ ಶುಕ್ರವಾರ ರಜ, ಮಿಕ್ಕ ದಿನ ಬೆಳಿಗ್ಗೆ ಬೇಗ ಹೋಗು, ಭಾನುವಾರ ಮಾತ್ರ ಬೇಡ. ಕಾಯಬೇಕಾಗಿ ಬಂದರೆ ಗಾಂಧಿಬಜಾರಿನಲ್ಲೇ ಅಂಕಿತ ಪುಸ್ತಕದ ಅಂಗಡಿಯಿದೆ. ನಮ್ಮ ಪಟ್ಟಿಯನ್ನು ಜೊತೆಗೆ ಕಳಿಸುತ್ತೇವೆ. ಸೂಟ್‌ಕೇಸಿನಲ್ಲಿ ಐದು ಕೆಜಿ ಜಾಗ ಬಿಟ್ಟುಕೊಂಡು ಹೋಗಮ್ಮ.