ಮರೆಯಲ್ಲಿ ಒಯ್ಯುವ ಪಿಸ್ತೂಲು

ಮರೆಯಲ್ಲಿ ಒಯ್ಯುವ ಪಿಸ್ತೂಲು ಎಂದರೆ ಉಡುಪಿನ ಒಳಗೆ, ಜೇಬಿನಲ್ಲಿ ಅಥವಾ ಕೈಚೀಲದಲ್ಲಿ ಇತರರ ಕಣ್ಣಿಗೆ ಬೀಳದಂತೆ ಇಟ್ಟುಕೊಂಡು ಓಡಾಡಲು ತಕ್ಕ ಅಳತೆಯ ಕಿರುಪಿಸ್ತೂಲು. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ನಾಗರಿಕರು ಆತ್ಮರಕ್ಷಣೆಗಾಗಿ ಹೀಗೆ ಪಿಸ್ತೂಲು ಒಯ್ಯಲು ಕಾನೂನಿನ ಅವಕಾಶವಿರುವುದರಿಂದ ಇವುಗಳ ತಯಾರಿಕೆ ಮತ್ತು ಮಾರಾಟ ಅಲ್ಲಿ ಬಹಳವಾಗಿ ಬೆಳೆದಿದೆ. ಪಿಸ್ತೂಲು ಕಿರಿದಾದಷ್ಟೂ ಅದನ್ನು ಮರೆಮಾಡುವುದು ಸುಲಭ; ಆದರೆ ಅದನ್ನು ಗಟ್ಟಿಯಾಗಿ ಹಿಡಿಯುವುದು, ಗುರಿಗೆ ಹೊಡೆಯುವುದು ಅಷ್ಟೇ ಕಷ್ಟ. ಇಂತಹ ಪಿಸ್ತೂಲಿನ ಆಯ್ಕೆಯಲ್ಲಿ ಬರುವ ಪ್ರಶ್ನೆಗಳೆಲ್ಲವೂ ಬಹುಮಟ್ಟಿಗೆ ಈ ಒಂದು ವಿರೋಧದಿಂದಲೇ ಹುಟ್ಟುತ್ತವೆ.

ಇತಿಹಾಸ

19ನೆಯ ಶತಮಾನದ ಮಧ್ಯಭಾಗದಲ್ಲಿ ಫಿಲಡೆಲ್ಫಿಯಾದ ಬಂದೂಕು ತಯಾರಕ ಹೆನ್ರಿ ಡೆರಿಂಜರ್ ತಯಾರಿಸಿದ ಅಂಗೈಯಗಲದ ಪಿಸ್ತೂಲುಗಳು ಪ್ರಸಿದ್ಧವಾದವು. ಅವನ ಹೆಸರೇ ಮುಂದೆ ಇಂತಹ ಕಿರುಪಿಸ್ತೂಲುಗಳಿಗೆಲ್ಲ ಸಾಮಾನ್ಯ ಹೆಸರಾಯಿತು. 1865ರ ಏಪ್ರಿಲ್ 14ರಂದು ಅಧ್ಯಕ್ಷ ಅಬ್ರಹಾಂ ಲಿಂಕನ್ ಅವರ ಹತ್ಯೆಗೆ ಬಳಕೆಯಾದದ್ದು ಒಂದೇ ಗುಂಡು ಹಾರಿಸಬಲ್ಲ ಇಂತಹ ಪಿಸ್ತೂಲು.

ತಾನಾಗಿಯೇ ಮುಂದಿನ ತೋಟಾ ತುಂಬಿಕೊಳ್ಳುವ ಕಿರುಪಿಸ್ತೂಲುಗಳ ಬೆಳವಣಿಗೆಯಲ್ಲಿ ಅಮೆರಿಕದ ಜಾನ್ ಮೋಸೆಸ್ ಬ್ರೌನಿಂಗ್ (1855–1926) ಅವರ ಪಾತ್ರ ದೊಡ್ಡದು. ಅವರ ವಿನ್ಯಾಸಗಳನ್ನು ಬೆಲ್ಜಿಯಮ್ಮಿನ ಎಫ್‌ಎನ್ ಮತ್ತು ಅಮೆರಿಕದ ಕೋಲ್ಟ್ ಕಂಪನಿಗಳು ತಯಾರಿಸಿದವು. 1914ರ ಜೂನ್ 28ರಂದು ಸರಾಯೆವೊ ನಗರದಲ್ಲಿ ಆಸ್ಟ್ರಿಯಾದ ಸಿಂಹಾಸನದ ಉತ್ತರಾಧಿಕಾರಿ ಫ್ರಾನ್ಸ್ ಫರ್ಡಿನಾಂಡನನ್ನು ಕೊಂದದ್ದು ಬ್ರೌನಿಂಗ್ ವಿನ್ಯಾಸದ ಎಫ್‌ಎನ್ 1910 ಪಿಸ್ತೂಲು. 1948ರ ಜನವರಿ 30ರಂದು ದೆಹಲಿಯಲ್ಲಿ ಮಹಾತ್ಮ ಗಾಂಧಿಯವರ ಹತ್ಯೆಗೆ ಬಳಸಿದ ಇಟಲಿಯ ಬೆರೆಟ್ಟಾ 1934 ಕೂಡ ಇದೇ ಜಾತಿಯದು. ಆತ್ಮರಕ್ಷಣೆಗೆಂದು ಮರೆಯಲ್ಲಿ ಇಡಬಹುದಾದ ಆಯುಧವನ್ನು ಅಷ್ಟೇ ಸುಲಭವಾಗಿ ಹತ್ಯೆಗೂ ಮರೆಯಲ್ಲಿ ತರಬಹುದು ಎಂಬುದಕ್ಕೆ ಈ ಘಟನೆಗಳು ಸಾಕ್ಷಿಯಾಗಿವೆ.

ಜರ್ಮನಿಯ ವಾಲ್ಥರ್ ಕಂಪನಿ 1929ರಲ್ಲಿ ಪಿಪಿ ಎಂಬ ಮಾದರಿಯನ್ನೂ ಅನಂತರ ಅದಕ್ಕಿಂತ ಚಿಕ್ಕದಾದ ಪಿಪಿಕೆ ಮಾದರಿಯನ್ನೂ ಹೊರತಂದಿತು. ಜೇಮ್ಸ್ ಬಾಂಡ್ ಚಿತ್ರಗಳಿಂದ ಪಿಪಿಕೆ ಜಗತ್ತಿಗೆಲ್ಲ ಪರಿಚಿತವಾಯಿತು. ಅಮೆರಿಕದ 1968ರ ಬಂದೂಕು ನಿಯಂತ್ರಣ ಕಾಯ್ದೆಯಿಂದಾಗಿ ತೀರ ಚಿಕ್ಕ ಪಿಸ್ತೂಲುಗಳ ಆಮದಿಗೆ ತಡೆ ಬಿದ್ದಾಗ ಪಿಪಿಕೆಯೂ ಅದರಲ್ಲಿ ಸಿಕ್ಕಿಕೊಂಡಿತು. ಆಗ ಪಿಪಿಯ ಎತ್ತರವಾದ ಕೆಳಭಾಗಕ್ಕೆ ಪಿಪಿಕೆಯ ಮೇಲ್ಭಾಗವನ್ನು ಜೋಡಿಸಿ ಪಿಪಿಕೆ/ಎಸ್ ಎಂಬ ಮಾದರಿಯನ್ನು ರೂಪಿಸಲಾಯಿತು. ಈ ನಡುವೆ 1950ರಲ್ಲಿ ಸ್ಮಿತ್ ಅಂಡ್ ವೆಸನ್ ಕಂಪನಿ ಐದು ಗುಂಡುಗಳ ಪುಟ್ಟ ರಿವಾಲ್ವರನ್ನು ಪರಿಚಯಿಸಿತ್ತು. ಅದರ ವಂಶದ ಮಾದರಿಗಳು ಇಂದಿಗೂ ಬಳಕೆಯಲ್ಲಿವೆ.

ಆಸ್ಟ್ರಿಯಾದ ಗ್ಲಾಕ್ ಕಂಪನಿಯು ಪಾಲಿಮರ್ ಚೌಕಟ್ಟಿನ ತನ್ನ ಗ್ಲಾಕ್ 17 ಮಾದರಿಯನ್ನು ಕಿರಿದುಗೊಳಿಸಿ 1988ರಲ್ಲಿ ಗ್ಲಾಕ್ 19 ತಂದಿತು. 1994ರಿಂದ 2004ರವರೆಗೆ ಜಾರಿಯಲ್ಲಿದ್ದ ಅಮೆರಿಕದ ಒಕ್ಕೂಟ ಕಾನೂನು, ನಾಗರಿಕರಿಗಾಗಿ ಹೊಸದಾಗಿ ತಯಾರಾಗುವ ಮ್ಯಾಗಜೀನುಗಳಿಗೆ 10 ಗುಂಡುಗಳ ಮಿತಿ ಹಾಕಿತು. ಹತ್ತೇ ಗುಂಡು ಹಿಡಿಯುವುದಾದರೆ ದೊಡ್ಡ ಪಿಸ್ತೂಲು ಏಕೆ ಎಂಬ ಎಣಿಕೆಯೂ ಕಿರುಪಿಸ್ತೂಲುಗಳಿಗೆ ಇಂಬು ಕೊಟ್ಟಿತು. 2018ರಲ್ಲಿ ಬಂದ ಸಿಗ್ ಸಾವರ್ ಪಿ365, ಜೇಬಿನಷ್ಟು ಅಳತೆಯಲ್ಲಿಯೇ 10 ಗುಂಡುಗಳನ್ನು ಅಡಕಗೊಳಿಸಿ ಈ ವರ್ಗದ ಸ್ವರೂಪವನ್ನೇ ಬದಲಿಸಿತು.

ವರ್ಗಗಳು

ಪೂರ್ಣ ಗಾತ್ರ, ಮಧ್ಯಮ, ಕಿರು ಮತ್ತು ಅತಿಕಿರು ಎಂಬ ವಿಂಗಡಣೆ ತಯಾರಕರ ರೂಢಿಯಿಂದ ಬಂದದ್ದು. ಇದಕ್ಕೆ ಒಪ್ಪಿತವಾದ ಮಾನದಂಡವಿಲ್ಲ. ಕೆಲವು ಪರಿಚಿತ ಮಾದರಿಗಳ ಅಳತೆಗಳು ಹೀಗಿವೆ. ತೂಕ ಅಂದಾಜಿನದು, ಗುಂಡು ತುಂಬದ ಸ್ಥಿತಿಯದು.

| ಮಾದರಿ | ತೋಟಾ | ನಳಿಕೆ (ಮಿ.ಮೀ.) | ತೂಕ (ಗ್ರಾಂ) | ಗುಂಡುಗಳು |
|---|---|---|---|---|
| ಗ್ಲಾಕ್ 17 | 9 ಮಿ.ಮೀ. | 114 | 630 | 17 |
| ಗ್ಲಾಕ್ 19 | 9 ಮಿ.ಮೀ. | 102 | 600 | 15 |
| ಗ್ಲಾಕ್ 26 | 9 ಮಿ.ಮೀ. | 87 | 550 | 10 |
| ಸಿಗ್ ಸಾವರ್ ಪಿ365 | 9 ಮಿ.ಮೀ. | 79 | 500 | 10 |
| ರೂಗರ್ ಎಲ್‌ಸಿಪಿ | .380 | 70 | 270 | 6 |
| ಸ್ಮಿತ್ ಅಂಡ್ ವೆಸನ್ 642 (ರಿವಾಲ್ವರ್) | .38 ಸ್ಪೆಷಲ್ | 48 | 410 | 5 |

ಆಯ್ಕೆಯಲ್ಲಿ ಪರಿಗಣಿಸುವ ಅಂಶಗಳು

ಗಾತ್ರ ಮತ್ತು ಒದೆತ: ಗುಂಡು ಮುಂದಕ್ಕೆ ಚಿಮ್ಮಿದಾಗ ಪಿಸ್ತೂಲು ಕೈಯನ್ನು ಹಿಂದಕ್ಕೆ ಒದೆಯುತ್ತದೆ. ಇದು ನ್ಯೂಟನ್ನನ ಮೂರನೆಯ ನಿಯಮಕ್ಕೆ ಶಾಲಾ ಪಠ್ಯಗಳು ಕೊಡುವ ಉದಾಹರಣೆಯೇ ಆಗಿದೆ. ಒಂದೇ ತೋಟಾವನ್ನು 600 ಗ್ರಾಂ ಮತ್ತು 300 ಗ್ರಾಂ ತೂಕದ ಎರಡು ಪಿಸ್ತೂಲುಗಳಿಂದ ಹಾರಿಸಿದರೆ, ಹಗುರವಾದುದು ಹಿಮ್ಮೆಟ್ಟುವ ವೇಗವೂ ಅದು ಕೈಗೆ ಮುಟ್ಟಿಸುವ ಶಕ್ತಿಯೂ ಸುಮಾರು ಇಮ್ಮಡಿಯಾಗುತ್ತವೆ. ಹಿಡಿ ಗಿಡ್ಡವಾಗಿ ಕಿರುಬೆರಳಿಗೆ ಜಾಗವಿಲ್ಲದಿದ್ದರೆ ಈ ಒದೆತವನ್ನು ತಡೆದುಕೊಳ್ಳುವುದು ಇನ್ನೂ ಕಷ್ಟ. ಅಭ್ಯಾಸ ಮಾಡುವಾಗಲೇ ಕೈ ನೋಯಿಸುವ ಪಿಸ್ತೂಲಿನಿಂದ ಜನ ಅಭ್ಯಾಸವನ್ನೇ ಬಿಟ್ಟುಬಿಡುವುದುಂಟು. ಈ ಕಾರಣದಿಂದ ತೀರ ಹಗುರವಾದ ಪಿಸ್ತೂಲು ಹೊಸಬರಿಗೆ ತಕ್ಕದ್ದಲ್ಲವೆಂದು ಅನೇಕ ತರಬೇತುದಾರರು ಅಭಿಪ್ರಾಯಪಡುತ್ತಾರೆ.

ಗುರಿಯ ನಿಖರತೆ: ಪಿಸ್ತೂಲಿನ ಮೇಲಿರುವ ಹಿಂದಿನ ಕಚ್ಚು ಮತ್ತು ಮುಂದಿನ ಮೊನೆಗಳನ್ನು ಒಂದೇ ರೇಖೆಗೆ ತಂದು ಗುರಿ ಹಿಡಿಯಲಾಗುತ್ತದೆ. ಇವುಗಳ ನಡುವಿನ ಅಂತರ 150 ಮಿ.ಮೀ. ಇದ್ದಾಗ ಮೊನೆ 1 ಮಿ.ಮೀ. ಸರಿದರೆ, 7 ಮೀಟರ್ ದೂರದಲ್ಲಿ ಗುಂಡು ಸುಮಾರು 47 ಮಿ.ಮೀ. ತಪ್ಪುತ್ತದೆ. ಅಂತರ 110 ಮಿ.ಮೀ.ಗೆ ಇಳಿದರೆ ಅಷ್ಟೇ ಸರಿತಕ್ಕೆ ತಪ್ಪು ಸುಮಾರು 64 ಮಿ.ಮೀ. ಆಗುತ್ತದೆ. ಗುರಿ ತಪ್ಪಿದ ಗುಂಡು ಅಲ್ಲಿಗೇ ನಿಲ್ಲುವುದಿಲ್ಲ. ಅದು ದಾರಿಹೋಕರಿಗೆ ತಗಲಬಹುದಾದ್ದರಿಂದ ಇದು ಕೇವಲ ಕೌಶಲದ ಪ್ರಶ್ನೆಯಲ್ಲ.

ತೋಟಾ: 1902ರಲ್ಲಿ ಜಾರ್ಜ್ ಲೂಗರ್ ರೂಪಿಸಿದ 9×19 ಮಿ.ಮೀ. ತೋಟಾ ಇಂದು ಹೆಚ್ಚು ಬಳಕೆಯಲ್ಲಿದೆ. 1908ರ .380 ತೋಟಾದ ಶಕ್ತಿ ಅದಕ್ಕಿಂತ ಕಡಿಮೆ, ಒದೆತವೂ ಕಡಿಮೆ. ಅಮೆರಿಕದ ಒಕ್ಕೂಟ ತನಿಖಾ ಸಂಸ್ಥೆಯಾದ ಎಫ್‌ಬಿಐ, ಪರೀಕ್ಷಾ ಜೆಲಾಟಿನ್‌ನಲ್ಲಿ ಗುಂಡು 12ರಿಂದ 18 ಅಂಗುಲ ಆಳಕ್ಕೆ ಇಳಿಯಬೇಕೆಂಬ ಅಳತೆಗೋಲನ್ನು ಬಳಸುತ್ತದೆ. ನಳಿಕೆ ಗಿಡ್ಡವಾದಷ್ಟೂ ಗುಂಡಿನ ವೇಗ ತಗ್ಗುವುದರಿಂದ, ಉದ್ದ ನಳಿಕೆಯಲ್ಲಿ ತೇರ್ಗಡೆಯಾದ ಗುಂಡು ಕಿರುಪಿಸ್ತೂಲಿನಲ್ಲಿಯೂ ಹಾಗೆಯೇ ವರ್ತಿಸುತ್ತದೆಂದು ಹೇಳಲಾಗದು.

ಕೈಬಲ: ಪಿಸ್ತೂಲಿಗೆ ಮೊದಲ ಗುಂಡು ಏರಿಸಲು ಸ್ಲೈಡ್ ಎಂಬ ಮೇಲಿನ ಜಾರುಭಾಗವನ್ನು ಹಿಂದಕ್ಕೆ ಎಳೆಯಬೇಕು. ಕೆಲವು ಕಿರುಪಿಸ್ತೂಲುಗಳಲ್ಲಿ ಸ್ಪ್ರಿಂಗ್ ಬಿಗಿಯಾಗಿರುವುದರಿಂದ ವೃದ್ಧರಿಗೂ ಸಂಧಿವಾತ ಇರುವವರಿಗೂ ಇದು ಕಷ್ಟ. ಇದನ್ನು ಗಮನಿಸಿ ಸ್ಮಿತ್ ಅಂಡ್ ವೆಸನ್ 2018ರಲ್ಲಿ ಸುಲಭವಾಗಿ ಎಳೆಯಬಹುದಾದ ಸ್ಲೈಡಿನ ಮಾದರಿಯೊಂದನ್ನು ತಂದಿತು. ರಿವಾಲ್ವರಿನಲ್ಲಿ ಸ್ಲೈಡ್ ಇಲ್ಲ. ಹಿಡಿತ ಸಡಿಲವಾದರೂ ಅದು ಸಿಕ್ಕಿಹಾಕಿಕೊಳ್ಳುವುದು ಅಪರೂಪ. ಆದರೆ ಅದರ ಟ್ರಿಗರ್ ಎಳೆಯಲು ಹೆಚ್ಚು ಬಲ ಬೇಕು, ಗುಂಡುಗಳೂ ಕಡಿಮೆ.

ವಿಶ್ವಾಸಾರ್ಹತೆ: ದೇಹಕ್ಕೆ ಒತ್ತಿಕೊಂಡಿರುವ ಪಿಸ್ತೂಲಿಗೆ ಬೆವರು, ದೂಳು, ಜೇಬಿನ ನೂಲಿನ ಎಳೆಗಳು ಸೇರುತ್ತವೆ. ಆದ್ದರಿಂದ ನಿಯತವಾಗಿ ಶುಚಿಗೊಳಿಸುವುದು ಅವಶ್ಯಕ. ನಿತ್ಯ ಒಯ್ಯುವ ತೋಟಾಗಳನ್ನೇ ಆ ಪಿಸ್ತೂಲಿನಲ್ಲಿ ಮೊದಲೇ ಹಾರಿಸಿ, ಅವು ತಡೆಯಿಲ್ಲದೆ ಸಾಗುತ್ತವೆಯೇ ಎಂದು ಪರೀಕ್ಷಿಸುವುದು ರೂಢಿ.

ಒರೆ ಮತ್ತು ಸುರಕ್ಷತೆ

ಪಿಸ್ತೂಲಿನಷ್ಟೇ ಅದರ ಒರೆಯೂ ಮುಖ್ಯ. ಒರೆಯು ಟ್ರಿಗರನ್ನು ಪೂರ್ತಿಯಾಗಿ ಮುಚ್ಚಬೇಕು, ಬಗ್ಗಿದರೂ ಓಡಿದರೂ ಪಿಸ್ತೂಲು ಜಾರಿ ಬೀಳದಂತಿರಬೇಕು ಮತ್ತು ಪಿಸ್ತೂಲನ್ನು ಹಿಂದಿರುಗಿಸುವಾಗ ಬಾಯಿ ಮುಚ್ಚಿಕೊಳ್ಳಬಾರದು. ಗ್ಲಾಕ್‌ನಂತಹ ಅನೇಕ ಪಿಸ್ತೂಲುಗಳಲ್ಲಿ ಪ್ರತ್ಯೇಕವಾಗಿ ಒತ್ತಬೇಕಾದ ಸುರಕ್ಷಾ ಕೀಲಿ ಇರುವುದಿಲ್ಲ. ಟ್ರಿಗರ್ ಎಳೆದರೆ ಗುಂಡು ಹಾರುತ್ತದೆ. ಹೀಗಾಗಿ ಒರೆಯಿಲ್ಲದೆ ಜೇಬಿನಲ್ಲಿ ಬೀಗದಕೈ, ನಾಣ್ಯಗಳ ಜೊತೆ ಇಡುವುದು ಅಪಾಯಕರ. ಅಂಗಿಯ ಅಂಚು ಅಥವಾ ಮೇಲಂಗಿಯ ದಾರ ಟ್ರಿಗರಿಗೆ ಸಿಲುಕಿಯೂ ಅಪಘಾತಗಳು ಸಂಭವಿಸಿವೆ.

ಪಿಸ್ತೂಲನ್ನು ಮೈಮೇಲೆ ಧರಿಸದೆ ಕೈಚೀಲದಲ್ಲಿ ಇಟ್ಟಾಗ ಅದು ಒಯ್ಯುವವರ ನಿಯಂತ್ರಣದಿಂದ ತಪ್ಪುವ ಸಂಭವ ಹೆಚ್ಚು. 2014ರ ಡಿಸೆಂಬರ್‌ನಲ್ಲಿ ಐಡಾಹೊ ರಾಜ್ಯದ ಹೇಡನ್ ಪಟ್ಟಣದ ಅಂಗಡಿಯೊಂದರಲ್ಲಿ, ತಾಯಿಯ ಕೈಚೀಲದಲ್ಲಿದ್ದ ಪಿಸ್ತೂಲು ಎರಡು ವರ್ಷದ ಮಗುವಿನ ಕೈಗೆ ಸಿಕ್ಕಿ ಗುಂಡು ಹಾರಿ ತಾಯಿ ಸ್ಥಳದಲ್ಲಿಯೇ ಮೃತಪಟ್ಟರು. ಆಕೆಗೆ ಪಿಸ್ತೂಲು ಒಯ್ಯುವ ಪರವಾನಗಿ ಇತ್ತು. ಕೈಚೀಲವೂ ಅದಕ್ಕೆಂದೇ ಮಾಡಿದ್ದಾಗಿತ್ತು.

ತರಬೇತುದಾರ ಜೆಫ್ ಕೂಪರ್ (1920–2006) ಪ್ರಚುರಪಡಿಸಿದ ನಾಲ್ಕು ನಿಯಮಗಳನ್ನು ವ್ಯಾಪಕವಾಗಿ ಬೋಧಿಸಲಾಗುತ್ತದೆ:

1. ಪ್ರತಿಯೊಂದು ಬಂದೂಕಿನಲ್ಲಿಯೂ ಗುಂಡು ಇದೆಯೆಂದೇ ಭಾವಿಸಬೇಕು.
2. ನಾಶಮಾಡಲು ಇಚ್ಛಿಸದ ಯಾವುದರ ಕಡೆಗೂ ನಳಿಕೆಯನ್ನು ತಿರುಗಿಸಬಾರದು.
3. ಗುರಿ ಹಿಡಿಯುವವರೆಗೆ ಟ್ರಿಗರ್ ಮೇಲೆ ಬೆರಳಿಡಬಾರದು.
4. ಗುರಿ ಯಾವುದು, ಅದರ ಹಿಂದೆ ಏನಿದೆ ಎಂಬುದನ್ನು ಅರಿತಿರಬೇಕು.

ಅಮೆರಿಕದ ಕಾನೂನು

ಆಯುಧವನ್ನು ಮರೆಯಲ್ಲಿ ಒಯ್ಯುವುದನ್ನು ನಿಷೇಧಿಸಿದ ಮೊದಲ ರಾಜ್ಯಗಳಲ್ಲಿ ಕೆಂಟಕಿ ಮತ್ತು ಲೂಸಿಯಾನ ಸೇರಿವೆ (1813). ನ್ಯೂಯಾರ್ಕ್ 1911ರ ಸಲಿವನ್ ಕಾಯ್ದೆಯಿಂದ ಪರವಾನಗಿಯನ್ನು ಕಡ್ಡಾಯಗೊಳಿಸಿತು. 1987ರಲ್ಲಿ ಫ್ಲಾರಿಡಾ, ನಿಗದಿತ ಅರ್ಹತೆ ಇರುವವರಿಗೆಲ್ಲ ಪರವಾನಗಿ ಕೊಡಲೇಬೇಕೆಂಬ ಕಾನೂನು ಮಾಡಿದ ಬಳಿಕ ಅನೇಕ ರಾಜ್ಯಗಳು ಅದೇ ದಾರಿ ಹಿಡಿದವು. ಇಂದು ಅರ್ಧಕ್ಕಿಂತ ಹೆಚ್ಚು ರಾಜ್ಯಗಳಲ್ಲಿ ಅರ್ಹ ವಯಸ್ಕರು ಪರವಾನಗಿಯಿಲ್ಲದೆಯೇ ಒಯ್ಯಬಹುದು.

ಸಂವಿಧಾನದ ಎರಡನೆಯ ತಿದ್ದುಪಡಿ ವ್ಯಕ್ತಿಗೆ ಆಯುಧ ಹೊಂದುವ ಹಕ್ಕನ್ನು ಕೊಡುತ್ತದೆ ಎಂದು ಸರ್ವೋಚ್ಚ ನ್ಯಾಯಾಲಯ 2008ರ ಹೆಲ್ಲರ್ ಪ್ರಕರಣದಲ್ಲಿ ಹೇಳಿತು. ಈ ಹಕ್ಕು ಮನೆಯ ಹೊರಗೂ ಅನ್ವಯಿಸುತ್ತದೆ ಎಂದು 2022ರ ಬ್ರೂಯೆನ್ ಪ್ರಕರಣದಲ್ಲಿ ತೀರ್ಪಿತ್ತು, ವಿಶೇಷ ಅಗತ್ಯವನ್ನು ತೋರಿಸಬೇಕೆಂಬ ನ್ಯೂಯಾರ್ಕಿನ ನಿಬಂಧನೆಯನ್ನು ರದ್ದುಪಡಿಸಿತು. ಆದರೂ ನ್ಯಾಯಾಲಯಗಳು, ಶಾಲೆಗಳು, ವಿಮಾನ ನಿಲ್ದಾಣದ ತಪಾಸಣಾ ವಲಯ ಮುಂತಾದ ಕಡೆ ನಿರ್ಬಂಧಗಳಿವೆ. ಒಂದು ರಾಜ್ಯದ ಪರವಾನಗಿಯನ್ನು ಇನ್ನೊಂದು ರಾಜ್ಯ ಮಾನ್ಯ ಮಾಡಲೇಬೇಕೆಂದಿಲ್ಲ.

ಎಚ್-1ಬಿ, ವಿದ್ಯಾರ್ಥಿ ವೀಸಾ ಮೊದಲಾದ ವಲಸೆಯೇತರ ವೀಸಾಗಳ ಮೇಲೆ ಅಮೆರಿಕದಲ್ಲಿರುವ ವಿದೇಶೀಯರು ಬಂದೂಕು ಹೊಂದುವುದನ್ನು ಒಕ್ಕೂಟ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಬೇಟೆಯ ಪರವಾನಗಿಯಂತಹ ಕೆಲವು ವಿನಾಯಿತಿಗಳಿವೆ. ಅಲ್ಲಿ ನೆಲೆಸಿರುವ ಅನೇಕ ಕನ್ನಡಿಗರಿಗೂ ಇದು ಅನ್ವಯಿಸುತ್ತದೆ. ಕಾಯಂ ನಿವಾಸಿಗಳಿಗೆ, ಎಂದರೆ ಗ್ರೀನ್ ಕಾರ್ಡ್ ಹೊಂದಿದವರಿಗೆ, ಈ ನಿಷೇಧವಿಲ್ಲ.

ಚರ್ಚೆ

ಪಿಸ್ತೂಲು ಒಯ್ಯುವ ಹಕ್ಕು ವಿಸ್ತಾರವಾದರೆ ಅಪರಾಧ ಕಡಿಮೆಯಾಗುತ್ತದೆ ಎಂದು ಅರ್ಥಶಾಸ್ತ್ರಜ್ಞ ಜಾನ್ ಲಾಟ್ 1998ರ ತಮ್ಮ ಗ್ರಂಥದಲ್ಲಿ ವಾದಿಸಿದರು. 2004ರಲ್ಲಿ ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿಯ ಸಮಿತಿಯು, ಅಪರಾಧದ ಮೇಲೆ ಇಂತಹ ಕಾನೂನುಗಳ ಪರಿಣಾಮ ಏನೆಂದು ನಿರ್ಧರಿಸಲು ಇರುವ ಆಧಾರ ಸಾಲದೆಂದು ಹೇಳಿತು. ಅನಂತರ ಜಾನ್ ಡೊನೊಹ್ಯೂ ಮತ್ತು ಸಂಗಡಿಗರ ಅಧ್ಯಯನಗಳು ಹಿಂಸಾತ್ಮಕ ಅಪರಾಧ ಹೆಚ್ಚುವುದನ್ನು ಸೂಚಿಸಿದವು. ಅಮೆರಿಕದ ಬಂದೂಕು ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಆತ್ಮಹತ್ಯೆಗಳು. ಆದ್ದರಿಂದ ಮನೆಯಲ್ಲಿ ಪಿಸ್ತೂಲನ್ನು ಬೀಗ ಹಾಕಿ ಇಡುವುದನ್ನೂ, ಕುಟುಂಬದಲ್ಲಿ ಯಾರಾದರೂ ಮಾನಸಿಕ ಸಂಕಟದಲ್ಲಿರುವಾಗ ಅದನ್ನು ಮನೆಯಿಂದಲೇ ದೂರವಿರಿಸುವುದನ್ನೂ ವೈದ್ಯಕೀಯ ತಜ್ಞರು ಸಲಹೆ ಮಾಡುತ್ತಾರೆ.

ಭಾರತದಲ್ಲಿ

ಭಾರತದಲ್ಲಿ ಆಯುಧ ಹೊಂದುವುದು ಮೂಲಭೂತ ಹಕ್ಕಲ್ಲ. 1959ರ ಆಯುಧ ಕಾಯ್ದೆ ಮತ್ತು 2016ರ ಆಯುಧ ನಿಯಮಗಳ ಅಡಿಯಲ್ಲಿ ಪರವಾನಗಿ ಪಡೆಯಬೇಕು. ಪರವಾನಗಿಯಿಲ್ಲದೆ ಪಿಸ್ತೂಲು ಇಟ್ಟುಕೊಳ್ಳುವುದು ದಂಡನೀಯ ಅಪರಾಧ. 9 ಮಿ.ಮೀ. ಪಿಸ್ತೂಲುಗಳು ನಿಷೇಧಿತ ವರ್ಗಕ್ಕೆ ಸೇರಿರುವುದರಿಂದ ಪರವಾನಗಿದಾರ ನಾಗರಿಕರಿಗೆ ಸಾಮಾನ್ಯವಾಗಿ ದೊರೆಯುವುದು .32 ಅಳತೆಯ ಪಿಸ್ತೂಲು ಅಥವಾ ರಿವಾಲ್ವರ್. 2012ರ ದೆಹಲಿ ಅತ್ಯಾಚಾರ ಪ್ರಕರಣದ ಅನಂತರ, 2014ರಲ್ಲಿ, ಕಾನ್ಪುರದ ಸರ್ಕಾರಿ ಕಾರ್ಖಾನೆ ಮಹಿಳೆಯರನ್ನು ಉದ್ದೇಶಿಸಿ 'ನಿರ್ಭೀಕ್' ಎಂಬ ಸುಮಾರು 500 ಗ್ರಾಂ ತೂಕದ .32 ರಿವಾಲ್ವರನ್ನು ಹೊರತಂದಿತು. ಒಂದು ಲಕ್ಷ ರೂಪಾಯಿ ಮೀರಿದ್ದ ಅದರ ಬೆಲೆಯೂ, ಮಹಿಳೆಯರ ಸುರಕ್ಷತೆಗೆ ಪಿಸ್ತೂಲು ಪರಿಹಾರವೇ ಎಂಬ ಪ್ರಶ್ನೆಯೂ ಆಗ ಚರ್ಚೆಗೆ ಬಂದವು. ಆತ್ಮರಕ್ಷಣೆಯ ಹಕ್ಕನ್ನು ಭಾರತೀಯ ನ್ಯಾಯ ಸಂಹಿತೆ, 2023 ಮಾನ್ಯ ಮಾಡುತ್ತದೆ. ಆದರೆ ರಕ್ಷಣೆಗೆ ಅಗತ್ಯವಾದುದಕ್ಕಿಂತ ಹೆಚ್ಚಿನ ಹಾನಿ ಮಾಡಲು ಅದು ಅನುಮತಿ ಕೊಡುವುದಿಲ್ಲ.