ಕಾಳಿಯ ಪೀಠದಲ್ಲಿದ್ದ ಓಲೆ

ಮುಂದಿನವರು ಓದಲೆಂದು ಬರೆದಿಟ್ಟ ಓಲೆಗಳ ಹಣೆಬರಹ ವಿಚಿತ್ರವಾದುದು. 1973ರ ಆಗಸ್ಟ್ 15ರಂದು ಇಂದಿರಾ ಗಾಂಧಿಯವರು ಸ್ವತಂತ್ರ ಭಾರತದ ಚರಿತ್ರೆಯನ್ನು ಪೆಟ್ಟಿಗೆಯಲ್ಲಿರಿಸಿ ದೆಹಲಿಯ ಕೆಂಪುಕೋಟೆಯಲ್ಲಿ ಹೂಳಿಸಿದರು. ಎಷ್ಟೋ ತಲೆಮಾರುಗಳಾಚೆಯ ಜನಕ್ಕೆಂದು ಇಟ್ಟದ್ದು. ಸರ್ಕಾರ ಬದಲಾಯಿತು, 1977ರಲ್ಲಿಯೇ ಅಗೆದು ತೆಗೆದರು.

ಇದನ್ನು ನೆನೆದಾಗಲೆಲ್ಲ ನನಗೆ ಸನ್ನತಿಯ ಕಲ್ಲು ಕಣ್ಣಮುಂದೆ ಬರುತ್ತದೆ. ಶಹಾಬಾದಿನ ಕಲ್ಲುಗಣಿ, ವಾಡಿಯ ಸಿಮೆಂಟಿನ ಧೂಳು ಇವನ್ನು ದಾಟಿ ಹೋದರೆ ಚಿತ್ತಾಪುರ ತಾಲ್ಲೂಕಿನಲ್ಲಿ, ಭೀಮೆಯ ದಂಡೆಯ ಮೇಲೆ ಈ ಊರು. ಚಂದ್ರಲಾಂಬೆಯ ಗುಡಿಯ ಆವರಣದಲ್ಲಿದ್ದ ಕಾಳಿಯ ಗುಡಿಯ ಮಾಳಿಗೆ 1986ರಲ್ಲಿ ಕುಸಿದು ವಿಗ್ರಹ ಭಗ್ನವಾಯಿತು. ಮಣ್ಣು ಸರಿಸಿ ನೋಡಿದರೆ, ದೇವಿಯ ಪೀಠವಾಗಿದ್ದ ಚಪ್ಪಡಿಯ ತುಂಬ ಬ್ರಾಹ್ಮೀ ಅಕ್ಷರ, ಪ್ರಾಕೃತ ಭಾಷೆ! ಬರೆಸಿದಾತ ಕ್ರಿಸ್ತಪೂರ್ವ ಮೂರನೆಯ ಶತಮಾನದ ಅಶೋಕ ಚಕ್ರವರ್ತಿ.

ಅದರಲ್ಲಿ ಅವನ 12 ಮತ್ತು 14ನೆಯ ಶಾಸನಗಳಿವೆ. ಅವುಗಳೊಡನೆ, ಅದುವರೆಗೆ ಒರಿಸ್ಸಾದ ಧೌಲಿ, ಜೌಗಡಗಳಲ್ಲಿ ಮಾತ್ರ ಕಂಡಿದ್ದ ಎರಡು ಪ್ರತ್ಯೇಕ ಶಾಸನಗಳೂ ಇವೆ. ಪ್ರಜೆಗಳೆಲ್ಲ ತನ್ನ ಮಕ್ಕಳು, ನಿಷ್ಕಾರಣವಾಗಿ ಯಾರನ್ನೂ ಸೆರೆಗೆ ತಳ್ಳಕೂಡದು ಎಂದು ಅಧಿಕಾರಿಗಳಿಗೆ ಇತ್ತ ಆಜ್ಞೆ ಅದು. ಅಧಿಕಾರಿಗಳಿದ್ದ ಕಡೆಯಲ್ಲೆಲ್ಲ ಆ ಮಾತು ಬೇಕಾಗಿತ್ತೆಂದು ನನ್ನ ಊಹೆ. ತಿಷ್ಯ ನಕ್ಷತ್ರದ ದಿನಗಳಲ್ಲಿ ಅದನ್ನು ಓದಿ ಕೇಳಿಸಬೇಕು, ಕೇಳುವವನು ಒಬ್ಬನೇ ಇದ್ದರೂ ಸರಿ, ಎಂಬುದು ಅರಸನ ಅಪ್ಪಣೆ. ಎಂದರೆ ಇದು ಹೂತಿಡಲು ಬರೆದ ಓಲೆಯಲ್ಲ, ದಿನವೂ ಬಾಳಬೇಕಾದ ಓಲೆ. ಲಿಪಿ ಮರೆತುಹೋದದ್ದರಿಂದ ಅದಕ್ಕೆ ತಾನಾಗಿಯೇ ಬೀಗ ಬಿತ್ತು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿಯನ್ನು ಓದಿದಾಗಲೂ ಈ ಕಲ್ಲು ದೇವಿಯನ್ನು ಹೊತ್ತು ಕತ್ತಲಲ್ಲಿತ್ತು.

ವಿಗ್ರಹವನ್ನು ನಿಲ್ಲಿಸಲು ಕಲ್ಲುಕುಟಿಗನು ಚಪ್ಪಡಿಯ ನಡುವೆ ಕಂಡಿ ಕೊರೆದಿದ್ದಾನೆ, ಅಕ್ಷರಗಳು ಹಾರಿಹೋಗಿವೆ. ಮೊದಲು ನೋಡಿದಾಗ ನಾನು ಅವನನ್ನು ಮನಸ್ಸಿನಲ್ಲೇ ಬಯ್ದೆ. ಈಗ ಹಾಗೆನ್ನಿಸದು. ನಮ್ಮ ಸೀಮೆಯಲ್ಲಿ ಒಳ್ಳೆಯ ಚಪ್ಪಡಿ ಸಿಕ್ಕರೆ ಬಚ್ಚಲಿಗೋ ಹೊಸ್ತಿಲಿಗೋ ಹೋಗುವುದು ವಾಡಿಕೆ. ಹತ್ತಿರದ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಉತ್ಖನನ ಮಾಡಿದ ಸ್ತೂಪದ ಶಿಲ್ಪಗಳು, ಅಶೋಕನ ಹೆಸರು ಕೊರೆದ ಅವನ ಚಿತ್ರವಿರುವ ಸುಣ್ಣಕಲ್ಲಿನ ಫಲಕವೂ ಸೇರಿ, ಒಡೆದ ಸ್ಥಿತಿಯಲ್ಲಿಯೇ ಸಿಕ್ಕವು. ದೇವಿಯ ಪೀಠವನ್ನು ಒಡೆಯಲು ಯಾರಿಗೆ ಕೈ ಬಂದೀತು? ಪರಮತವನ್ನು ಹಳಿಯುವವನು ತನ್ನ ಮತಕ್ಕೇ ಕೇಡು ಮಾಡಿಕೊಳ್ಳುತ್ತಾನೆಂದು 12ನೆಯ ಶಾಸನ ಹೇಳುತ್ತದೆ. ಅದನ್ನು ಇಷ್ಟು ಕಾಲ ಕಾಪಾಡಿದವಳು ಕಾಳಿ.

ಬರಹ ಅಲ್ಲಲ್ಲಿ ಅಪೂರ್ಣವಾಗಿದ್ದರೆ ಅದಕ್ಕೆ ಲಿಪಿಕಾರನ ತಪ್ಪೂ ಕಾರಣವಿರಬಹುದೆಂದು 14ನೆಯ ಶಾಸನದಲ್ಲಿ ಅಶೋಕನೇ ಒಪ್ಪಿಕೊಂಡಿದ್ದಾನೆ. ಈ ಕಂಡಿಯ ಸಂಗತಿ ಮಾತ್ರ, ಪಾಪ, ಅವನಿಗೆ ಹೊಳೆದಿರಲಾರದು.