ಸಾಮಾಜಿಕ ವಿಘಟನೆ ಮತ್ತು ಕುಟುಂಬ: ಬಳ್ಳಾರಿ, ಸಿರುಗುಪ್ಪ, ಕುರುಗೋಡು ಪರಿಸರದ ಹಿನ್ನೆಲೆಯಲ್ಲಿ ಒಂದು ಸಮೀಕ್ಷೆ

ಸಾಮಾಜಿಕ ವಿಘಟನೆ ಎಂಬ ಪರಿಕಲ್ಪನೆಗೆ ಶಾಸ್ತ್ರೀಯ ರೂಪ ದೊರೆತದ್ದು ಥಾಮಸ್ ಮತ್ತು ಝ್ನಾನಿಯೆಟ್ಸ್ಕಿ ಅವರಿಂದ. ಪೋಲೆಂಡಿನ ರೈತರ ಅಮೆರಿಕ ವಲಸೆಯನ್ನು ಕುರಿತು 1918-20ರಲ್ಲಿ ಹೊರಬಂದ ಸಂಪುಟಗಳಲ್ಲಿ, ಸಮುದಾಯದ ಕಟ್ಟಳೆಗಳು ವ್ಯಕ್ತಿಗಳ ಮೇಲಿನ ಹಿಡಿತವನ್ನು ಕಳೆದುಕೊಳ್ಳುವುದನ್ನು ಅವರು ವಿಘಟನೆ ಎಂದರು. ಅದರೊಡನೆ ಪುನಾರಚನೆಯ ಪ್ರಕ್ರಿಯೆಯನ್ನೂ ಗುರುತಿಸಿದರು. ಅನಂತರದ ಪಠ್ಯಗಳಲ್ಲಿ ಮೊದಲಿನದಕ್ಕೆ ದೊರೆತ ಒತ್ತು ಎರಡನೆಯದಕ್ಕೆ ದೊರೆಯಲಿಲ್ಲ. ಈ ಕೊರತೆ ಬಳ್ಳಾರಿ ಪರಿಸರದ ಕುಟುಂಬವನ್ನು ಅರಿಯುವಲ್ಲಿ ತೊಡಕಾಗುತ್ತದೆ.

ಎಂ. ಎನ್. ಶ್ರೀನಿವಾಸರ ಮೈಸೂರಿನ ವಿವಾಹ ಮತ್ತು ಕುಟುಂಬ ಕುರಿತ ಗ್ರಂಥ ಪ್ರಕಟವಾದ 1942ರಲ್ಲಿ ಬಳ್ಳಾರಿ ಮದರಾಸು ಪ್ರಾಂತದಲ್ಲಿತ್ತು. 1953ರ ಅಕ್ಟೋಬರ್ 1ರಂದು ಅದು ಮೈಸೂರು ರಾಜ್ಯಕ್ಕೆ ಸೇರಿತು. ಆದುದರಿಂದ ಇಲ್ಲಿನ ಹಳೆಯ ಕುಟುಂಬ ವ್ಯವಸ್ಥೆಯ ವಿವರಗಳನ್ನು ಬ್ರಿಟಿಷ್ ಅಧಿಕಾರಿಗಳ ಬರಹಗಳಲ್ಲಿ ಹುಡುಕಬೇಕಾಗುತ್ತದೆ. ಅವುಗಳಲ್ಲಿ 1891ರಲ್ಲಿ ಪ್ರಕಟವಾದ ಫಾಸೆಟ್‌ರ ಬಸವಿ ಪದ್ಧತಿಯ ಅಧ್ಯಯನ ಮುಖ್ಯವಾದುದು. ಗಂಡು ಸಂತಾನವಿಲ್ಲದ ಮನೆಯಲ್ಲಿ ಮಗಳೊಬ್ಬಳನ್ನು ದೇವರಿಗೆ ಬಿಟ್ಟು, ತವರಿನಲ್ಲೇ ಉಳಿಸಿಕೊಂಡು, ಮಗನ ಹಕ್ಕು ಹಾಗೂ ಕರ್ತವ್ಯಗಳನ್ನು ಅವಳಿಗೆ ಒಪ್ಪಿಸುವ ಕ್ರಮವದು. ಅವಳ ಮಕ್ಕಳಿಂದ ತವರಿನ ಮನೆತನ ಮುಂದುವರಿಯುತ್ತಿತ್ತು.

ವಿಘಟನೆಯ ಮಾನದಂಡದಿಂದ ನೋಡಿದರೆ ಗಂಡನಿಲ್ಲದ ಈ ಮನೆ ಒಡೆದ ಕುಟುಂಬ. ಮನೆತನದ ದೃಷ್ಟಿಯಲ್ಲಿ ಅದು ಕುಟುಂಬವನ್ನು ಉಳಿಸುವ ಉಪಾಯ. ಆದರೆ ಆ ಉಳಿವಿನ ಬೆಲೆಯನ್ನು ತೆತ್ತವಳು ಹೆಣ್ಣು. ಅವಳ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲ. ಜಾತಿ ಮತ್ತು ಬಡತನಗಳು ಅವಳನ್ನು ಶೋಷಣೆಗೆ ಗುರಿಮಾಡಿದವು. 1982ರ ಕರ್ನಾಟಕ ದೇವದಾಸಿ ಸಮರ್ಪಣಾ ನಿಷೇಧ ಕಾಯಿದೆ ಸಮರ್ಪಣೆಯನ್ನು ಅಪರಾಧವೆಂದು ಸಾರಿತು. ಪದ್ಧತಿಯನ್ನು ಖಂಡಿಸುವಾಗ ಆ ಮನೆಯ ಮಕ್ಕಳನ್ನೂ ಕುಟುಂಬವಿಲ್ಲದವರೆಂದು ಬಗೆಯುವುದು ಎರಡನೆಯ ಅನ್ಯಾಯವಾಗುತ್ತದೆ.

ಬರಗಾಲದ ಇತಿಹಾಸವೂ ಇಂಥದೇ ಎಚ್ಚರವನ್ನು ಬೇಡುತ್ತದೆ. 1876-78ರ, ಧಾತು ಮತ್ತು ಈಶ್ವರ ಸಂವತ್ಸರಗಳ ಬರದಲ್ಲಿ ಬಳ್ಳಾರಿ ಜಿಲ್ಲೆ ತೀವ್ರವಾಗಿ ನಲುಗಿತು. ಡಿಗ್ಬಿಯವರ 1878ರ ಗ್ರಂಥ ಪರಿಹಾರ ಕಾರ್ಯಗಳನ್ನೂ ಸಾವುಗಳನ್ನೂ ವಿಸ್ತಾರವಾಗಿ ದಾಖಲಿಸುತ್ತದೆ. ಅಂಥ ಆಡಳಿತಾತ್ಮಕ ದಾಖಲೆಗಳಲ್ಲಿ ಮನುಷ್ಯರು ಎಣಿಕೆಗೆ ಸಿಗುತ್ತಾರೆ. ಅನಾಥ ಮಗುವನ್ನು ಸಾಕಿದ ಸೋದರತ್ತೆ, ಅಜ್ಜಿಯರು ಸಿಗುವುದು ವಿರಳ.

ತುಂಗಭದ್ರಾ ಅಣೆಕಟ್ಟಿನ ಕಾಲುವೆಗಳು ಬಂದ ಮೇಲೆ ಸಿರುಗುಪ್ಪ, ಕುರುಗೋಡು ಭಾಗಗಳು ಭತ್ತದ ಸೀಮೆಯಾದವು. ಆಂಧ್ರದ ರೈತರು ನೆಲೆನಿಂತ 'ಕ್ಯಾಂಪು'ಗಳು ಹುಟ್ಟಿಕೊಂಡವು. ಮಂಡ್ಯ ಭಾಗದ ಎರಡು ಗ್ರಾಮಗಳನ್ನು ಕುರಿತ ಸ್ಕಾರ್ಲೆಟ್ ಎಪ್‌ಸ್ಟೈನ್‌ರ 1962ರ ಅಧ್ಯಯನ, ನೀರಾವರಿ ಗ್ರಾಮದಲ್ಲಿ ಹಳೆಯ ವ್ಯವಸ್ಥೆ ಬಹುಮಟ್ಟಿಗೆ ಉಳಿದುದನ್ನೂ ಹೊರಗಿನ ದುಡಿಮೆಗೆ ತೆರೆದುಕೊಂಡ ಒಣ ಗ್ರಾಮ ಹೆಚ್ಚು ಬದಲಾದುದನ್ನೂ ತೋರಿಸಿತು. ಈ ತೀರ್ಮಾನವನ್ನು ಸಿರುಗುಪ್ಪಕ್ಕೆ ನೇರವಾಗಿ ಅನ್ವಯಿಸಲಾಗದು; ಇಲ್ಲಿ ನೀರಿನೊಡನೆ ಹೊಸ ಭೂಹಿಡುವಳಿದಾರರೂ ಬಂದರು. ಇನ್ನು ಬಳ್ಳಾರಿ ನಗರ ಅದಿರಿನ ಹಣದ ಏರಿಳಿತವನ್ನು ಕಂಡಿತು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ಜಿಲ್ಲೆಯ ಗಣಿಗಾರಿಕೆಯನ್ನು ತಡೆದಾಗ, ಅದನ್ನೇ ನಂಬಿದ್ದ ಮನೆಗಳ ದುಡಿಮೆಯೂ ನಿಂತಿತು.

ಗುಳೆ ಹೋಗುವ ಮನೆಗಳ ಅಧ್ಯಯನಕ್ಕೆ ಐ. ಪಿ. ದೇಸಾಯಿಯವರ 1964ರ ಮಹುವಾ ಅಧ್ಯಯನ ಹೆಚ್ಚು ನೆರವಾಗಬಲ್ಲದು. ಬೇರೆ ಬೇರೆ ಸೂರಿನಡಿ ಇದ್ದರೂ ಹೊಣೆಗಾರಿಕೆಯಲ್ಲಿ ಕೂಡಿರುವ ಕುಟುಂಬಗಳನ್ನು ಅದು ಗುರುತಿಸಿತು. ಜನರ ನುಡಿಯೂ ಈ ವ್ಯತ್ಯಾಸವನ್ನು ಬಲ್ಲುದು: 'ಬ್ಯಾರೆ ಆಗೋದು' ಒಲೆಯ ಮಾತು, 'ಮನಿ ಮುರಿಯೋದು' ಸಂಬಂಧದ ಮಾತು.

ಒಟ್ಟಿನಲ್ಲಿ, ಇದುವರೆಗಿನ ಅಧ್ಯಯನಗಳು ಕುಟುಂಬದ ಬಿರುಕನ್ನು ಬರ, ನೀರು, ಗಣಿಗಳೊಡನೆ ಜೋಡಿಸಲು ನೆರವಾಗುತ್ತವೆ. ಆ ಬಿರುಕನ್ನು ಮುಚ್ಚಲು ಯಾರು ದುಡಿದರು, ಅದಕ್ಕೆ ಬೆಲೆ ತೆತ್ತವರು ಯಾರು ಎಂಬುದು ಮುಂದಿನ ಸಂಶೋಧನೆಯ ಪ್ರಶ್ನೆಯಾಗಬೇಕು. ಇದಕ್ಕೆ ಕಡತಗಳಷ್ಟೇ ಸಾಲವು; ಹೆಂಗಸರ ಮೌಖಿಕ ನಿರೂಪಣೆಗಳೂ ಆಕರಗಳಾಗಬೇಕು.